ಬೀಗರ ಮನೆಯ ನೆಣ

ಬೇಯಿಸಿದ ಮೊಟ್ಟೆಯ ಹಳದಿಯನ್ನು ಬೆರಳಲ್ಲಿ ಬಿಡಿಸಿ ತಟ್ಟೆಯ ಅಂಚಿಗೆ ಸರಿಸುತ್ತಿದ್ದಾಗ, ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಾಳೆಂದು ಯೆರ್ಗಾಲಿಗೆ ತಿರುಗದೆಯೇ ಗೊತ್ತಾಯಿತು. ಇಷ್ಟು ಹೊತ್ತು ಹಜಾರದಲ್ಲಿ ಓಡಾಡುತ್ತಿದ್ದ ಅವಳ ಬೆಳ್ಳಿಯ ಬಳೆಗಳ ಸದ್ದು ತಟ್ಟನೆ ನಿಂತಿತ್ತು. ಬೀಗರ ಮನೆಗೆ ಹೊರಡುವ ದಿನವೆಂದು ಅಮ್ಮ ಬೆಳಗಾಗುವ ಮೊದಲೇ ಎದ್ದು, ಬಿಳಿ ರೇಷ್ಮೆಯ ಚೌಕವನ್ನು ತಲೆಗೆ ಬಿಗಿದು, ಉಡುಗೊರೆಯ ಗಂಟುಗಳನ್ನು ಬಾಗಿಲ ಬಳಿ ಜೋಡಿಸಿ ಆಗಿತ್ತು.

"ಅಲ್ಲಿ ಅವರು ಆಗ್ಲೇ ಕುರಿ ಕೊಯ್ದಿರ್ತಾರೆ. ನೀನು ಇಲ್ಲಿ ಕೋಳಿಮರಿ ಹಾಗೆ ಕುಕ್ಕೊಂಡು ತಿಂತಾ ಇದ್ದೀಯ."

"ಒಂಚೂರು ಅಷ್ಟೇ ಅಮ್ಮ. ದಾರೀಲಿ ಹಸಿವಾಗಬಾರ್ದು ಅಂತ."

"ಬೀಗರ ಮನೆಗೆ ಹಸ್ಕೊಂಡೇ ಹೋಗ್ಬೇಕು. ಹೊಟ್ಟೆ ತುಂಬಿಸ್ಕೊಂಡು ಹೋದ್ರೆ ಅವರಿಗೆ ಮಾಡೋ ಅವಮಾನ."

ಅವಳ ಹಿಂದಿನಿಂದ ತಂಗಿ ಕಮ್ಶಾತ್ ಇಣುಕಿದಳು. ಹೊಸ ಓಲೆ ಹಾಕಿಕೊಂಡಿದ್ದಳು. ಹದಿನೈದು ದಿನದ ಹಿಂದೆ ಗಂಡಿನ ಕಡೆಯವರು ಬಂದು ಅವಳ ಕಿವಿಗೆ ತೊಡಿಸಿದ ಓಲೆಗಳು. ಇವತ್ತು ಹೆಣ್ಣಿನ ಕಡೆಯವರು ಅಲ್ಲಿಗೆ ಹೋಗಬೇಕು. ಹೆಣ್ಣು ಮಾತ್ರ ಹೋಗುವಂತಿಲ್ಲ. ತಟ್ಟೆಯ ಅಂಚಿನಲ್ಲಿದ್ದ ಹಳದಿಯನ್ನು ಎತ್ತಿ ಬಾಯಿಗೆ ಹಾಕಿಕೊಂಡು ಅವಳು ಹೇಳಿದಳು: "ಅಣ್ಣಾ, ಇವತ್ತೊಂದಿನ ನಿನ್ನ ಆಟ ಎಲ್ಲ ಬೇಡ. ಅವರು ಬಾಯಿಗೆ ಏನಿಡ್ತಾರೋ ಅದನ್ನ ನುಂಗು. ನಾನು ಇಲ್ಲಿ ಕೂತಿರ್ತೀನಿ. ಅಲ್ಲಿ ನೀನೇ ನಾನು, ನೀನೇ ಅಪ್ಪ."

ಅವಳು ಯಾವುದರ ಬಗ್ಗೆ ಹೇಳುತ್ತಿದ್ದಾಳೆಂದು ಅವನಿಗೆ ಗೊತ್ತಿತ್ತು. ಕುರಿಯ ಕೊಬ್ಬಿದ ಬಾಲದ ನೆಣ ಮತ್ತು ಈಲಿ, ಎಂದರೆ ಲಿವರ್. ಎರಡನ್ನೂ ತೆಳ್ಳಗೆ ಹೆಚ್ಚಿ, ಉಪ್ಪು ಬೆರೆಸಿದ ಹುಳಿ ಮೊಸರು ಸುರಿದು ಬೀಗರ ಬಾಯಿಗೆ ಕೈಯಾರೆ ಇಡುತ್ತಾರೆ. ಅದನ್ನು ತಿಂದರೆ ಎರಡು ಮನೆ ಒಂದಾದಂತೆ; ಮತ್ತೆ ಮಾತು ತಪ್ಪುವಂತಿಲ್ಲ. ಅಪ್ಪ ಇಲ್ಲ, ಅಪ್ಪನಿಗೆ ಅಣ್ಣತಮ್ಮಂದಿರೂ ಇಲ್ಲ. ಮೊದಲ ತುತ್ತು ಯೆರ್ಗಾಲಿಯ ಬಾಯಿಗೇ. ಕೈ ತೊಳೆಯುತ್ತ ಅವನು ಅಭ್ಯಾಸದಂತೆ ಅಂಗಿಯೊಳಗೆ ಬೆರಳು ತೂರಿಸಿ ಸೊಂಟದ ಪಕ್ಕದ ಚರ್ಮವನ್ನು ಚಿವುಟಿ ನೋಡಿಕೊಂಡ. ನಿನ್ನೆ ಇದ್ದಷ್ಟೇ ಇತ್ತು, ಬಟ್ಟೆಯಷ್ಟು ತೆಳು. ಆ ಸಮಾಧಾನ ಬಾಗಿಲು ದಾಟುವವರೆಗೂ ಉಳಿಯಲಿಲ್ಲ.

ಹಳೇ ಬೂಟಿನ ಕಾರ್ಖಾನೆಯ ನೆಲಮಾಳಿಗೆಯಲ್ಲಿರುವ ಜಿಮ್ಮಿಗೆ ಅವನು ಹೋಗತೊಡಗಿ ಎರಡು ಚಳಿಗಾಲ ಕಳೆದಿದ್ದವು. ಅಲ್ಲಿ ಹೇಳಿಕೊಡುವ ರಿನಾತ್, ಕುಸ್ತಿಯಲ್ಲಿ ಕಿವಿ ಮುದ್ದೆಯಾದ ತಾತಾರ ಜನಾಂಗದವನು, ಮೊದಲ ದಿನವೇ ಹೇಳಿದ್ದ: ದಿನಕ್ಕೆ ಮೈ ಎಷ್ಟು ಖರ್ಚು ಮಾಡುತ್ತೋ ಅದಕ್ಕಿಂತ ಒಂಚೂರು ಜಾಸ್ತಿ ತಿನ್ನು, ಒಂಚೂರೇ, ಸುರಿದುಕೊಂಡರೆ ಬೊಜ್ಜು, ಕಮ್ಮಿ ಮಾಡಿದರೆ ಇದ್ದದ್ದೂ ಕರಗುತ್ತದೆ. ಪ್ರತಿ ಊಟಕ್ಕೂ ಮಾಂಸವೋ ಮೊಟ್ಟೆಯೋ ಮೊಸರುಗಡ್ಡೆಯೋ ಇರಲಿ, ಭಾರ ಎತ್ತುವ ದಿನ ಅನ್ನ ರೊಟ್ಟಿ ಬಿಡಬೇಡ, ಚೆನ್ನಾಗಿ ಮಲಗು, ಅವಸರ ಮಾಡಬೇಡ. ಯೆರ್ಗಾಲಿ ಎಲ್ಲವನ್ನೂ ತಲೆಯಾಡಿಸಿ ಕೇಳಿದ್ದ. ಮನೆಗೆ ಬರುವಷ್ಟರಲ್ಲಿ ಅದರಲ್ಲಿ ಅವನ ಪಾಲಿಗೆ ಉಳಿದದ್ದು ಬೊಜ್ಜು ಎಂಬ ಒಂದೇ ಮಾತು. ಹಾಲಿನ ಕೆನೆ ತೆಗೆದ. ಮೊಟ್ಟೆಯ ಹಳದಿ ತೆಗೆದ. ಕೋಳಿಯ ಎದೆಯ ಮಾಂಸವನ್ನು ಬರೀ ನೀರಲ್ಲಿ ಬೇಯಿಸಿದ. ಅಮ್ಮ ಅನ್ನಕ್ಕೆ ಬೆಣ್ಣೆ ಹಾಕಿದ ದಿನ ಅದನ್ನು ಜರಡಿಯಲ್ಲಿಟ್ಟು ಬಿಸಿನೀರಿನಲ್ಲಿ ತೊಳೆದ. ಅಮ್ಮ ಅದನ್ನು ನೋಡಿ ಹೊರಗೆ ಹೋಗಿ, ಆಗಲೇ ಹಿಂಡಿ ಹರವಿದ್ದ ಬಟ್ಟೆಗಳನ್ನು ಮತ್ತೆ ಹಿಂಡಿದಳು. ಮೊದಲ ವರ್ಷ ತೋಳು ತುಂಬಿಕೊಂಡವು, ಹೆಗಲು ಅಗಲವಾಯಿತು, ಅಂಗಡಿಯ ಕನ್ನಡಿಗಳು ಅವನನ್ನು ಒಪ್ಪಿಕೊಂಡವು. ಆಮೇಲೆ ಎಲ್ಲ ನಿಂತುಹೋಯಿತು. ಎತ್ತುತ್ತಿದ್ದ ಭಾರ ಮೇಲೆ ಏಳಲೊಲ್ಲದು. ಬೆರಳ ತುದಿ ಸದಾ ತಣ್ಣಗೆ. ಬಾಚಣಿಗೆ ತುಂಬ ಕೂದಲು. "ನೆಣ, ಬೆಣ್ಣೆ ಎಲ್ಲ ಪೂರ್ತಿ ಬಿಡು ಅಂತ ನಾನ್ಯಾವಾಗಪ್ಪ ಹೇಳ್ದೆ?" ಎಂದು ಕೇಳಿದ್ದ ರಿನಾತ್, ಅವನ ತಣ್ಣನೆಯ ಕೈ ಹಿಡಿದು. "ನಿನ್ನ ಮೈ ಹೆದ್ರಿಕೊಂಡಿದೆ ಕಣೋ. ನಾಳೆ ಊಟ ಸಿಗತ್ತೋ ಇಲ್ವೋ ಅಂತ ಹೆದ್ರಿದ ಮೈ ಎಲ್ಲಿಂದ ಬೆಳೆಯತ್ತೆ?" ಯೆರ್ಗಾಲಿ ನಕ್ಕು ಕೈ ಬಿಡಿಸಿಕೊಂಡ. ಮೈ ಹೆದರಿದ್ದಲ್ಲ ಎಂದು ಹೇಳಿದ್ದರೆ ಮತ್ಯಾರು ಎಂಬ ಪ್ರಶ್ನೆ ಬರುತ್ತಿತ್ತು.

ತರಾಝ್ ಪಟ್ಟಣ ಬಿಟ್ಟು ಬೀಗರ ಊರಾದ ಮೆರ್ಕೆಯ ಕಡೆ ಹೊರಟಾಗ ಬಲಗಡೆ ಉದ್ದಕ್ಕೂ ಬೆಟ್ಟ. ಮೇಲೆ ಹಿಮ, ಕೆಳಗೆ ಏಪ್ರಿಲ್ಲಿನ ಹಸಿರು. ಸೋದರತ್ತೆಯರು ಇನ್ನೊಂದು ಕಾರಿನಲ್ಲಿ ಹಿಂದೆ ಬರುತ್ತಿದ್ದರು. ಯೆರ್ಗಾಲಿ ಕಾರು ಕಲಿಸುವವನು. ವರ್ಷಗಟ್ಟಲೆ ಇನ್ನೊಬ್ಬರ ಪಕ್ಕದಲ್ಲಿ ಕೂತು ಅವರು ತಪ್ಪುವುದನ್ನೇ ಕಾಯುತ್ತ, ತನ್ನ ಕಾಲ ಬಳಿಯ ಎರಡನೇ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡೇ ಬದುಕಿದವನು. ಹಾಗೆ ಕಲಿಯಲು ಬಂದವನೇ ಕಮ್ಶಾತಳನ್ನು ಮೆಚ್ಚಿದ ಸಾಂಜಾರ್. ಅವನಿಗೆ ಮಾತು ತೊದಲುತ್ತಿತ್ತು. ಹೆಸರು ಹೇಳುವುದಕ್ಕೇ ಮುಖ ಕೆಂಪಾಗುತ್ತಿತ್ತು. ಆದರೆ ಗಾಡಿ ಹೊರಟು ಗೇರು ಏರಿದ ಮೇಲೆ ತಡೆಯಿಲ್ಲದೆ ಮಾತಾಡುತ್ತಿದ್ದ, ಕೆರೆಯ ಬಗ್ಗೆ, ಕುದುರೆಯ ಬಗ್ಗೆ. ಕೆಂಪು ದೀಪದಲ್ಲಿ ನಿಂತರೆ ಮಾತೂ ನಿಲ್ಲುತ್ತಿತ್ತು.

"ನಿಮ್ಮಪ್ಪ ಇದ್ದಿದ್ರೆ ಇವತ್ತು," ಎಂದಳು ಅಮ್ಮ, ಹೊರಗೆ ನೋಡುತ್ತ. "ಬಾಲದ ನೆಣ ಕಂಡ್ರೆ ಅವರ ಮುಖಾನೇ ಬೇರೆ ಆಗ್ತಿತ್ತು. ಕೈ ತುಂಬ ತಗೊಂಡು, ಹೀಗೆ, ಕಣ್ಣು ಮುಚ್ಕೊಂಡು..." ಅವಳು ಕೈಯೆತ್ತಿ ತೋರಿಸಿದಳು. ಬಳೆಗಳು ಮೊಣಕೈವರೆಗೆ ಜಾರಿದವು. ಅಪ್ಪನ ಬೆರಳುಗಳಿಂದ ನೆಣ ಇಳಿದು ಮಣಿಕಟ್ಟಿಗೆ ಬರುತ್ತಿತ್ತು, ಅದನ್ನೂ ಬಿಡುತ್ತಿರಲಿಲ್ಲ. ದೊಡ್ಡ ಆಳು. ಅವನು ಕೂತರೆ ಕೋಣೆ ಚಿಕ್ಕದಾಗುತ್ತಿತ್ತು, ನಕ್ಕರೆ ಮೇಜು ಅಲುಗುತ್ತಿತ್ತು. ಅಂಗಳದ ಆವಿಸ್ನಾನದ ಕೋಣೆಯಲ್ಲಿ, ಕೂತಿದ್ದ ಹಲಗೆಯಿಂದ ಅವನು ಸದ್ದಿಲ್ಲದೆ ಜಾರಿ ನೆಲಕ್ಕೆ ಕೂತ ಆ ದಿನ, ಯೆರ್ಗಾಲಿ ಹಿಂದಿನಿಂದ ಕಂಕುಳಿಗೆ ಕೈ ಹಾಕಿ ಎತ್ತಲು ನೋಡಿದ. ಒದ್ದೆ ಚರ್ಮ ಜಾರುತ್ತಿತ್ತು. ಎಲ್ಲಿ ಹಿಡಿದರೂ ಕೈಗೆ ಬೊಜ್ಜೇ ಸಿಗುತ್ತಿತ್ತು. ಅದು ಒಂದು ಕಡೆ ಹೋದರೆ ಅದರೊಳಗಿನ ಮನುಷ್ಯ ಇನ್ನೊಂದು ಕಡೆ ಉಳಿಯುತ್ತಿದ್ದ. ಯೆರ್ಗಾಲಿಯ ತೋಳುಗಳೋ ಆಗ ಬಳ್ಳಿಯ ಹಾಗಿದ್ದವು. "ಬಿಡು ಮಗಾ," ಎಂದ ಅಪ್ಪ. "ನಿನ್ನ ಕೈಯಲ್ಲಾಗಲ್ಲ. ಪಕ್ಕದ ಮನೆಯವ್ರನ್ನ ಕೂಗು." ಬೈಗುಳವಲ್ಲ, ಬೇಸರವೂ ಅಲ್ಲ, ಚಹಾಕ್ಕೆ ನೀರಿಡು ಎನ್ನುವ ದನಿ. ಅವನು ಬರಿಗಾಲಲ್ಲಿ ಹಿಮದ ಮೇಲೆ ಓಡಿದ. ಪಕ್ಕದ ಮನೆಯ ಇಬ್ಬರು ಬಂದು, ಕಂಬಳಿ ಹಾಸಿ, ಅಪ್ಪನನ್ನು ಉರುಳಿಸಿ ಹೊತ್ತರು. ಬಾಗಿಲಲ್ಲಿ ಸಿಕ್ಕಿಕೊಂಡಾಗ ಅವರಲ್ಲೊಬ್ಬ, "ಅಯ್ಯಪ್ಪಾ, ಎತ್ತು ಕೂಡ ಇಷ್ಟು ಭಾರ ಇರಲ್ಲ," ಎಂದು ಏದುಸಿರಲ್ಲಿ ನಕ್ಕ, ಇನ್ನೊಬ್ಬನೂ ನಕ್ಕ, ಕಂಬಳಿಯ ಮೂಲೆ ಹಿಡಿದಿದ್ದ ಯೆರ್ಗಾಲಿಯೂ ನಕ್ಕ. ಯಾಕೆ ನಕ್ಕೆನೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪನ ಕಣ್ಣು ತೆರೆದಿದ್ದವು. ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ನಿಧಾನ ಹೋಗೋ," ಎಂದಳು ಅಮ್ಮ. ಅವನು ನಿಧಾನವಾಗಿಯೇ ಹೋಗುತ್ತಿದ್ದ.

ಗಂಡಿನ ತಾಯಿ ಬೀಬಿಗುಲ್ ಅಂಗಳದಲ್ಲೇ ನಿಂತು ಎಲ್ಲರ ಮೇಲೂ ಮಿಠಾಯಿ ಎರಚಿದಳು. ಅಗಲ ಹೆಂಗಸು, ಅಗಲ ಮುಖ. ಅಪ್ಪಿಕೊಂಡಾಗ ಯೆರ್ಗಾಲಿಯ ಕೈಗಳು ಅವಳ ಬೆನ್ನನ್ನು ಸುತ್ತಿ ಬರಲಿಲ್ಲ. ಆ ಕ್ಷಣದಲ್ಲಿ ಅವಳ ತೂಕವನ್ನು ಅವನು ಮನಸ್ಸಿನಲ್ಲೇ ತೂಗಿಬಿಟ್ಟಿದ್ದ. ಯಾರನ್ನು ಕಂಡರೂ ಅವನ ಕಣ್ಣು ಹೀಗೆ ಮಣಿಕಟ್ಟು, ಗಲ್ಲ, ಸೊಂಟ ಅಳೆಯುತ್ತ ಹೋಗುವುದು ಅವನಿಗೇ ಹೇಸಿಗೆಯಾಗಿತ್ತು, ನಿಲ್ಲಿಸಲು ಬರುತ್ತಿರಲಿಲ್ಲ. ಒಳಗೆ ನೆಲದ ಮೇಲಿನ ಉದ್ದನೆಯ ಊಟದ ಹಾಸಿನ ಸುತ್ತ ಜನ. ಅವನನ್ನು ಬಾಗಿಲಿಗೆ ಎದುರಾದ ಗೌರವದ ಜಾಗದಲ್ಲಿ, ಗಂಡಿನ ದೊಡ್ಡಪ್ಪ ಒರಾಜ್‌ಬಾಯ್ ಎಂಬ ಮುದುಕನ ಪಕ್ಕ ಕೂರಿಸಿದರು. ಕರಿದ ಹಿಟ್ಟಿನ ಉಂಡೆಗಳು, ಕುದುರೆ ಮಾಂಸ, ಒಣದ್ರಾಕ್ಷಿ, ಹಾಲು ಹಾಕಿದ ಚಹಾ. ಸಾಂಜಾರ್ ಚಹಾ ಬಟ್ಟಲು ಕೊಡುವಾಗ "ತ...ತಗೊಳ್ಳಿ ಅಣ್ಣಾ" ಎಂದ, ಬಟ್ಟಲು ತಟ್ಟೆಯ ಮೇಲೆ ಗಲಗಲ ಅಂದಿತು.

ಆಮೇಲೆ ಹಾಡು ಶುರುವಾಯಿತು. ಹೆಂಗಸರು ಚಪ್ಪಾಳೆ ತಟ್ಟುತ್ತ ಬಂದರು. ಮುಂದೆ ಬೀಬಿಗುಲ್, ಕೈಯಲ್ಲಿ ಬೋಗುಣಿ. ಅವಳು ಅವನೆದುರು ಮಂಡಿಯೂರಿ ಕೂತು ಮೂರು ಬೆರಳಲ್ಲಿ ತುಂಡನ್ನು ಎತ್ತಿದಳು: ಕೆಳಗೆ ಕಪ್ಪಗೆ ಈಲಿ, ಮೇಲೆ ನೆಣ, ಹಾಲುಗಲ್ಲಿನಂತೆ ಬೆಳ್ಳಗೆ, ಅಂಚಿನಲ್ಲಿ ಮೊಸರು ತೊಟ್ಟಿಕ್ಕುತ್ತಿತ್ತು. ಅದು ಅಲುಗುತ್ತಿತ್ತು. "ತಿನ್ನಿ ಬೀಗರೇ, ಬಾಯ್ತುಂಬ ತಿನ್ನಿ!" ಎಂದು ಯಾರೋ ಕೂಗಿದರು. ಅಮ್ಮ ಆಚೆ ಬದಿಯಿಂದ ಅವನನ್ನೇ ನೋಡುತ್ತಿದ್ದಳು. ಅವನು ಬಾಯಿ ತೆರೆದ. ಬೆಚ್ಚಗೆ, ಜಾರುತ್ತ ಅದು ನಾಲಿಗೆಯ ಮೇಲೆ ಬಂದು ಕೂತಿತು. ಒದ್ದೆ ಬೆನ್ನು, ಕಂಕುಳು, ಕೈಗೆ ಸಿಗದೆ ಹೋದ ಆ ಮೈ. ಗಂಟಲು ತಾನಾಗಿಯೇ ಮುಚ್ಚಿಕೊಂಡಿತು. ಅವನು ನಗುತ್ತ ತಲೆಯಾಡಿಸಿ, ತುತ್ತನ್ನು ಕೆನ್ನೆಗೆ ತಳ್ಳಿ, ಬರೀ ಎಂಜಲು ನುಂಗಿದ. ಎಲ್ಲರೂ ಹೋ ಎಂದರು. ಬೀಬಿಗುಲ್ ಬೋಗುಣಿಯನ್ನು ಅಮ್ಮನ ಕಡೆ ಒಯ್ದಾಗ, ಕೈ ತೊಳೆದು ಬರುತ್ತೇನೆಂದು ಸನ್ನೆ ಮಾಡಿ ಅವನು ಹೊರಗೆ ಬಂದ.

ಅಂಗಳದ ಮೂಲೆಯಲ್ಲಿ, ಸೌದೆಯ ರಾಶಿಯ ಹಿಂದೆ, ಕರವಸ್ತ್ರಕ್ಕೆ ಉಗುಳಿದ. ಕಟ್ಟಿಹಾಕಿದ್ದ ಹಳದಿ ನಾಯಿ ಸರಪಳಿ ಎಳೆದುಕೊಂಡು ಬಂದು ನಿಂತಿತು. ಏನು ಮಾಡುತ್ತಿದ್ದೇನೆಂದು ಯೋಚಿಸುವ ಮೊದಲೇ ಅವನು ಕರವಸ್ತ್ರ ಕೊಡವಿದ್ದ. ನಾಯಿ ಅಗಿಯಲೂ ಇಲ್ಲ. ಕೊಳಾಯಿಯಲ್ಲಿ ಬಾಯಿ ಮುಕ್ಕಳಿಸಿ ತಿರುಗಿದರೆ ಬೀಬಿಗುಲ್ ನಿಂತಿದ್ದಳು. ಅತಿಥಿಗೆಂದು ಬಿಸಿನೀರಿನ ಹೂಜಿ ಒಂದು ಕೈಯಲ್ಲಿ, ಹೆಗಲ ಮೇಲೆ ಕಸೂತಿಯ ಟವೆಲು. ಅವಳು ನೋಡುತ್ತಿದ್ದದ್ದು ಬಾಯಿ ನೆಕ್ಕಿಕೊಳ್ಳುತ್ತಿದ್ದ ನಾಯಿಯನ್ನು.

"ಹೊಟ್ಟೆ ಸರಿಯಿಲ್ವಾ ಬೀಗರೇ?" ಎಂದು ಕೇಳಿದಳು, ತುಂಬ ಮೆಲ್ಲಗೆ.

ಹೌದು ಎಂದರೆ ಮುಗಿಯುತ್ತಿತ್ತು. ಅವಳೇ ಆ ಮಾತನ್ನು ಕೊಟ್ಟಿದ್ದಳು. "ಇಲ್ಲ ಅಕ್ಕಾ," ಎಂದ.

ಅವಳು ಹೂಜಿಯನ್ನು ಕೆಳಗಿಟ್ಟಳು. ಮುಖದಲ್ಲಿದ್ದ ಹಬ್ಬ ಇಳಿದುಹೋಗಿ, ಕೆಳಗಿದ್ದ ಇನ್ನೊಂದು ಮುಖ ಕಂಡಿತು. "ಹೋದ ವರ್ಷವೂ ಒಂದು ಮನೆಯವರು ಬಂದಿದ್ರು. ಒಳಗೆ ನಕ್ಕೊಂಡು ತಿಂದ್ರು. ಊರಿಗೆ ಹೋಗಿ, ಬೇಡ ಅಂತ ಹೇಳಿ ಕಳಿಸಿದ್ರು. ಹುಡುಗ ತೊದಲ್ತಾನೆ, ನಾಳೆ ಮಕ್ಕಳೂ ತೊದಲ್ತಾವೆ ಅಂದ್ರಂತೆ. ನನ್ನ ಮಗ ಅದಾದ್ಮೇಲೆ ಒಂದು ತಿಂಗಳು ಯಾರ ಹತ್ರಾನೂ ಮಾತಾಡ್ಲಿಲ್ಲ. ಬೇಡ ಅಂತಿದ್ರೆ ಈಗ್ಲೇ ಹೇಳಿ, ಒಳಗೆ ಹಾಡು ನಿಲ್ಲಿಸ್ತೀನಿ. ನಾಯಿಗೆ ಹಾಕೋದ್ಯಾಕೆ?"

"ಅಯ್ಯೋ, ಅದಲ್ಲ ಅಕ್ಕಾ. ದೇವರಾಣೆ ಅದಲ್ಲ."

"ಮತ್ತೇನು?"

ಯೆರ್ಗಾಲಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮೂವತ್ತಾರರ ಗಂಡಸು, ಅಪ್ಪನ ಸ್ಥಾನದಲ್ಲಿ ಬಂದವನು, ಅಂಗಳದಲ್ಲಿ ನಿಂತು ನೆಣ ಅಂದರೆ ಹೆದರಿಕೆ ಎನ್ನಬೇಕು. ಅವನು ಸೌದೆಯ ಸಿಪ್ಪೆಯೊಂದನ್ನು ಕೀಳುತ್ತ ಶುರುಮಾಡಿದ. ಮೈ ಕಟ್ಟುತ್ತಿದ್ದೇನೆ, ಭಾರ ಎತ್ತುತ್ತೇನೆ, ಅದಕ್ಕೆ ಊಟದ ಪಥ್ಯ ಎಂದ. ಅದು ಅವನ ಕಿವಿಗೇ ಸುಳ್ಳಿನ ಹಾಗೆ ಕೇಳಿಸಿತು. ಆಮೇಲೆ ಅಪ್ಪನ ಬಗ್ಗೆ ಹೇಳಿದ. ಸ್ನಾನದ ಕೋಣೆ, ಹಲಗೆ, ಎತ್ತಲಾಗದ್ದು. "ಬಲ ಬರ್ಬೇಕು, ಆದ್ರೆ ಅವರ ಹಾಗೆ ಆಗ್ಬಾರ್ದು. ಅಷ್ಟೇ ಅಕ್ಕಾ. ಬಾಯಿಗೆ ಹೋದ ತಕ್ಷಣ ಗಂಟಲು ಮುಚ್ಕೊಳ್ಳತ್ತೆ. ಸಾಂಜಾರನ ವಿಷಯ ಏನೂ ಇಲ್ಲ. ಗಾಡಿ ಓಡಿಸುವಾಗ ಅವನು ತೊದಲೋದೇ ಇಲ್ಲ, ಗೊತ್ತಾ ನಿಮಗೆ? ದಾರಿಯುದ್ದಕ್ಕೂ ಒಂದೇ ಸಮನೆ ಮಾತಾಡ್ತಾನೆ. ಸಾಕಪ್ಪಾ ಅನ್ನಿಸ್ಬೇಕು, ಅಷ್ಟು."

"ನನ್ನ ಮಗನಾ?"

"ನಿಮ್ಮ ಮಗನೇ."

ಬೀಬಿಗುಲ್ ಟವೆಲಿನ ತುದಿಯಿಂದ ಕಣ್ಣೊರೆಸಿಕೊಂಡಳು. ಹಾಗೇ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಯಾರೋ ತನ್ನನ್ನು ಅಳೆಯುವುದು ಹೇಗಿರುತ್ತದೆಂದು ಅವನಿಗೆ ತಿಳಿಯಿತು. "ಹಾಗಾದ್ರೆ ನನ್ನ ಕಂಡ್ರೂ ನಿಮಗೆ ಹೆದರಿಕೆ ಆಗಿರ್ಬೇಕು," ಎಂದಳು. "ಎಷ್ಟು ಜನ ಬೇಕು ಇವಳನ್ನ ಎತ್ತೋಕೆ ಅಂತ."

ಅವನು ತಲೆ ತಗ್ಗಿಸಿದ. ಅವಳು ನಗುತ್ತಿದ್ದಳು. ಅಣಕಿಸುವ ನಗುವಲ್ಲ, ಹೊಟ್ಟೆಯಿಂದ ಬಂದು ಹೆಗಲನ್ನೆಲ್ಲ ಕುಲುಕಿಸುವ ನಗು.

"ನಮ್ಮ ಯಜಮಾನ್ರು ಕಡ್ಡಿ ಹಾಗಿದ್ರು," ಎಂದಳು ನಗು ನಿಂತ ಮೇಲೆ. "ಒಂದು ಕೈಯಲ್ಲಿ ಎತ್ತಬಹುದಿತ್ತು. ಕೊನೇ ದಿನ ಅವರನ್ನೂ ಎತ್ಕೊಂಡು ಹೋಗೋಕೆ ಆಗ್ಲಿಲ್ಲ ನಂಗೆ. ಗಾಬರಿಗೆ ನನ್ನ ಕೈಕಾಲೇ ಆಡ್ಲಿಲ್ಲ." ಟವೆಲನ್ನು ಅವನ ಕೈಗೆ ಕೊಟ್ಟಳು. "ಬಲವಂತ ಮಾಡಲ್ಲ ಬೀಗರೇ. ಈಲಿ ಒಂದೇ ತಿಂದ್ರೂ ನಡೆಯತ್ತೆ ಅಂತ ನಾನೇ ಹೇಳ್ತಿದ್ದೀನಿ. ನಮ್ಮಿಬ್ಬರಲ್ಲೇ ಇರ್ಲಿ."

ಅವಳು ಹೂಜಿ ಎತ್ತಿಕೊಂಡು ಹೊರಟಳು. ಅವನನ್ನು ಅಷ್ಟಕ್ಕೇ ಬಿಟ್ಟುಬಿಟ್ಟಿದ್ದಳು. ಯೆರ್ಗಾಲಿಗೆ ಹಗುರವಾಗಬೇಕಿತ್ತು; ಆಗಲಿಲ್ಲ. ನಿನ್ನ ಕೈಯಲ್ಲಾಗಲ್ಲ, ಬಿಡು ಎಂದು ಇನ್ನೊಬ್ಬರು ಅಷ್ಟೇ ಮೃದುವಾಗಿ ಹೇಳಿದ ಹಾಗಿತ್ತು.

"ಅಕ್ಕಾ," ಎಂದ. "ಇನ್ನೊಂದು ಕೊಡಿ. ಚಿಕ್ಕದು. ತೆಳ್ಳಗೆ."

ಅಂಗಳದ ಬೇಸಿಗೆ ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಹಂಡೆಯ ಆವಿ ಕಿಟಕಿಯನ್ನು ಮಬ್ಬಾಗಿಸಿತ್ತು. ಅವಳು ಚಾಕುವನ್ನು ಏಪ್ರನ್ನಿಗೊರೆಸಿ, ಬಾಲದ ನೆಣದಿಂದ ಬೆಳಕು ಹಾಯುವಷ್ಟು ತೆಳುವಾದ ಪದರವನ್ನು ಕೊಯ್ದಳು, ಈಲಿಯ ತುಂಡಿನ ಮೇಲಿಟ್ಟಳು, ಮೊಸರು ಬಿಟ್ಟಳು. ಹಾಡಿಲ್ಲ, ಚಪ್ಪಾಳೆಯಿಲ್ಲ. ಬಾಯಿಗಿಡಲು ಕೈಯೆತ್ತಿದವಳು, ಏನನ್ನೋ ಯೋಚಿಸಿ, ಅವನ ಅಂಗೈಯಲ್ಲಿಟ್ಟಳು. ಅವನು ತಾನೇ ತಿಂದ. ಗಂಟಲು ಮುಚ್ಚಿಕೊಳ್ಳಲು ನೋಡಿತು. ಅವನು ಕಾದ, ಕಲಿಯಲು ಬಂದವರು ಇಳಿಜಾರಿನಲ್ಲಿ ಗಾಬರಿಯಾದಾಗ ಕಾಯುವ ಹಾಗೆ. ಮೊದಲು ಉಪ್ಪು. ಆಮೇಲೆ ಹುಳಿ. ಈಲಿಯ ಒಗರು. ನೆಣಕ್ಕೆ ಅಂಥ ರುಚಿಯೇ ಇರಲಿಲ್ಲ. ಉಳಿದ ರುಚಿಗಳನ್ನೆಲ್ಲ ಹಿಡಿದುಕೊಂಡು ಮೆಲ್ಲಗೆ ಕರಗಿತು, ಇಳಿಯಿತು. ಇಳಿದ ಮೇಲೆ ಅವನು ಇನ್ನೂ ಅಲ್ಲೇ ನಿಂತಿದ್ದ, ಅದೇ ಎರಡು ಕಾಲಿನ ಮೇಲೆ. ಕಣ್ಣಲ್ಲಿ ನೀರು ಬಂದಿತ್ತು. ಈರುಳ್ಳಿ ಹೆಚ್ಚಿಟ್ಟಿದ್ದರು, ತಪ್ಪನ್ನು ಅದರ ಮೇಲೆ ಹಾಕಬಹುದಿತ್ತು.

ಇಬ್ಬರೂ ಒಳಗೆ ಬರುವಷ್ಟರಲ್ಲಿ ಬೇಯಿಸಿದ ಮಾಂಸದ ದೊಡ್ಡ ಹರಿವಾಣ ಬಂದಿತ್ತು. "ಎಲ್ಲಿ ಹೋಗಿದ್ರಪ್ಪಾ ಬೀಗರು?" ಎಂದು ಒರಾಜ್‌ಬಾಯ್ ಕೇಳಿದ. ಬೀಬಿಗುಲ್ ತಡಮಾಡಲಿಲ್ಲ. "ಒಂದು ತುತ್ತು ಸಾಕಾಗ್ಲಿಲ್ವಂತೆ. ಅಡುಗೆಮನೆಗೇ ಬಂದು ಕೇಳಿ ತಿಂದ್ರು!" ಎಂದಳು. ಮನೆಯೆಲ್ಲ ನಗು, ಹೋ ಎಂಬ ಕೂಗು. "ತಂದೆಗೆ ತಕ್ಕ ಮಗ," ಎಂದಳು ಅಮ್ಮ, ಬೆರಗಿನಿಂದ. ಸಂತೋಷ ತಡೆಯಲಾರದೆ ಮುದುಕ ಹರಿವಾಣದಿಂದ ಅಂಗೈಯಗಲದ ನೆಣದ ತುಂಡನ್ನು ಎತ್ತಿ ಯೆರ್ಗಾಲಿಯ ತಟ್ಟೆಗೆ ಹಾಕಿದ. ಇನ್ನೊಬ್ಬರು ಆ ಕಡೆಯಿಂದ ಇನ್ನೊಂದು ತುಂಡು ಚಾಚಿದರು. ಅವನ ಕೈ ತಾನಾಗಿ ಜೇಬಿನ ಕರವಸ್ತ್ರದತ್ತ ಹೋಯಿತು. ಬೀಬಿಗುಲ್ ಆಚೆಯಿಂದ ನೋಡಿದಳು. ತನ್ನ ತಮಾಷೆ ಎಲ್ಲಿಗೆ ಹೋಯಿತೆಂದು ಅವಳಿಗೂ ಈಗ ಹೊಳೆದಿತ್ತು, ಬಾಯಿ ತೆರೆಯುವುದರಲ್ಲಿದ್ದಳು.

ಯೆರ್ಗಾಲಿ ಜೇಬಿನಿಂದ ಬರಿಗೈ ತೆಗೆದು ತಟ್ಟೆಯ ಮೇಲೆ ಅಡ್ಡ ಹಿಡಿದ. "ಸಾಕು ದೊಡ್ಡಪ್ಪಾ," ಎಂದ. ದನಿ ಬೇಕಾದ್ದಕ್ಕಿಂತ ಜೋರಾಯಿತು. "ನನ್ನ ಪಾಲಿನದು ತಿಂದಿದ್ದೀನಿ. ಇನ್ನು ನೆಣ ಬೇಡ. ಮಾಂಸ ಹಾಕಿ, ಎಷ್ಟು ಬೇಕಾದ್ರೂ ತಿಂತೀನಿ."

ಆಕಾಶ ಕಳಚಿ ಬೀಳುತ್ತದೆಂದು ಅವನು ಒಂದು ಕ್ಷಣ ಕಾದ. ಒರಾಜ್‌ಬಾಯ್ ಅವನ ಮುಖ ನೋಡಿದ, ತಟ್ಟೆ ನೋಡಿದ. "ಬೇಡ್ವಾ? ಒಳ್ಳೇದೇ ಆಯ್ತು ಬಿಡು," ಎಂದು ಅಂಗೈಯಗಲದ ತುಂಡನ್ನು ವಾಪಸ್ಸು ತೆಗೆದು ತಾನೇ ಬಾಯಿಗೆ ಹಾಕಿಕೊಂಡ. ಅಗಿಯುತ್ತ ಅಗಿಯುತ್ತಲೇ, ಪಕ್ಕದವರಿಗೆ ಹೇಳುತ್ತಿದ್ದ ತನ್ನ ಕಂದು ಕುದುರೆಯ ಕತೆಯನ್ನು ನಿಲ್ಲಿಸಿದ್ದ ಕಡೆಯಿಂದ ಮುಂದುವರಿಸಿದ. ಯಾರೂ ಇತ್ತ ನೋಡುತ್ತಿರಲಿಲ್ಲ. ಯೆರ್ಗಾಲಿ ಮಾಂಸ ತಿಂದ, ಅದರಡಿಯ ಬೇಯಿಸಿದ ಅಗಲವಾದ ಹಿಟ್ಟಿನ ಹಾಳೆಗಳನ್ನೂ ತಿಂದ, ಸಾರು ಕೇಳಿ ಹಾಕಿಸಿಕೊಂಡ. ಎಷ್ಟು ಹಸಿದಿದ್ದೆ ಎಂದು ಅವನಿಗೆ ಆಶ್ಚರ್ಯವಾಯಿತು. ಅದು ಬೆಳಗಿನ ಹಸಿವಲ್ಲ, ಬಹಳ ದಿನಗಳದ್ದು.

ಮೂರನೇ ಸುತ್ತಿನ ಚಹಾ ಬರುವಾಗ ಫೋನು ಅದುರಿತು. ಅವನು ಬಾಗಿಲಾಚೆ ಬಿಸಿಲಿಗೆ ಬಂದ. ಅಂಗಳದಲ್ಲಿ ಸಾಂಜಾರ್ ಯೆರ್ಗಾಲಿಯ ಕಾರಿನ ಗಾಜು ಒರೆಸುತ್ತಿದ್ದ. ಯಾರ ಫೋನೆಂದು ಊಹಿಸಿ ಕೈಯಲ್ಲಿ ಬಟ್ಟೆ ಹಿಡಿದೇ ನಿಂತ.

"ಅಣ್ಣಾ," ಎಂದಳು ಕಮ್ಶಾತ್. "ಅಮ್ಮ ಫೋನ್ ಎತ್ತಿಲ್ಲ. ಏನಾಯ್ತು? ತಿಂದ್ಯಾ?"

"ತಿಂದೆ."

"ನನ್ನಾಣೆ?"

ಅವನು ಸಾಂಜಾರನ ಕಡೆ ನೋಡಿದ. "ಎರಡು ಸಲ ಕೊಟ್ರು. ಎರಡನೇದನ್ನ ತಿಂದೆ."

"ಮೊದಲನೇದು?" ಎಂದಳು.

"ನಾಯಿ ತಿಂತು."

ಅವಳು ಅಳುತ್ತಾಳೋ ಬೈಯುತ್ತಾಳೋ ಎಂದು ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದು ನಿಂತ. ಮೊದಲು ಉಸಿರು ಕೇಳಿಸಿತು. ಆಮೇಲೆ ನಗು, ತಡೆದಷ್ಟೂ ಉಕ್ಕುವ ನಗು. "ಹಾಗಾದ್ರೆ ಆ ನಾಯೀನೂ ಇನ್ಮೇಲೆ ನಮ್ಮ ಬೀಗರೇ ಬಿಡು," ಎಂದಳು. "ಅದಕ್ಕೂ ಉಡುಗೊರೆ ಕೊಟ್ಟು ಬಾ." ನಗು ಮುಗಿದ ಮೇಲೆ, ಬೇರೆ ದನಿಯಲ್ಲಿ, "ಅವನು ಅಲ್ಲೇ ಇದ್ದಾನಾ? ಕೊಡು" ಎಂದಳು.

ಯೆರ್ಗಾಲಿ ಫೋನನ್ನು ಚಾಚಿದ. ಸಾಂಜಾರ್ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ತೆಗೆದುಕೊಂಡ, "ಕ...ಕ..." ಎಂದು ತಡೆದ, ಮುಖ ಕೆಂಪಾಯಿತು. ಯೆರ್ಗಾಲಿ ಕಾರಿನ ಬಾಗಿಲು ತೆರೆದು ಅವನನ್ನು ಚಾಲಕನ ಜಾಗಕ್ಕೆ ಕೂರಿಸಿ, ಫೋನನ್ನು ಸ್ಪೀಕರಿಗೆ ಹಾಕಿ ಎದುರಿಗಿಟ್ಟು, ಕೀಲಿ ಕೊಟ್ಟ. ತಾನು ಪಕ್ಕದಲ್ಲಿ ಕೂರಲಿಲ್ಲ. ಗಾಡಿ ಗೇಟು ದಾಟಿ, ಬೆಟ್ಟದ ಕಡೆಯ ಖಾಲಿ ರಸ್ತೆಗೆ ಇಳಿದು, ಗೇರು ಏರುವ ಸದ್ದು ಕೇಳುವವರೆಗೂ ಅವನು ಬಿಸಿಲಲ್ಲಿ ನಿಂತಿದ್ದ.